ಸೋಲಿಸಬೇಕಿದ್ದವರು ಎದ್ದು ಹೋದ ಮೇಲೆ

ಕಂಪ್ಯೂಟರ್ ಒಂದು ಆಟದಲ್ಲಿ ಮೊದಲ ಸಲ ವಿಶ್ವ ಚಾಂಪಿಯನ್ ಆಗಿದ್ದು ಯಾವಾಗ ಅಂತ ಯಾರನ್ನಾದರೂ ಕೇಳಿ ನೋಡಿ. ನಮ್ಮ ಐಟಿ ಮಂದಿ ಥಟ್ಟನೆ ಹೇಳೋ ಉತ್ತರ: 1997, ಡೀಪ್ ಬ್ಲೂ, ಕಾಸ್ಪರೋವ್, ಚೆಸ್. ಆದರೆ ಆ ಪಂದ್ಯ ವಿಶ್ವ ಪಟ್ಟಕ್ಕಾಗಿ ನಡೆದದ್ದೇ ಅಲ್ಲ. ಅದಕ್ಕೂ ಮೂರು ವರ್ಷ ಮೊದಲು, 1994ರ ಆಗಸ್ಟ್‌ನಲ್ಲಿ, ಚಿನೂಕ್ ಅನ್ನೋ ಪ್ರೋಗ್ರಾಂ ಚೆಕರ್ಸ್ ಆಟದಲ್ಲಿ ವಿಶ್ವ ಪಟ್ಟ ಪಡೆದಿತ್ತು. ಗಿನ್ನೆಸ್ ದಾಖಲೆಯಲ್ಲೂ ಅದರ ಹೆಸರಿದೆ. ವಿಚಿತ್ರ ಏನಂದ್ರೆ, ಪಟ್ಟ ಸಿಕ್ಕ ಆ ದಿನ ಚಿನೂಕ್ ಯಾರನ್ನೂ ಸೋಲಿಸಿರಲಿಲ್ಲ. ಆ ಸೋಲಿಸದೇ ಉಳಿದ ಆಟದ ಲೆಕ್ಕ ಮುಗಿಸೋಕೆ ಅದನ್ನು ಬರೆದವರಿಗೆ ಇನ್ನೂ ಹದಿಮೂರು ವರ್ಷ ಹಿಡೀತು.

ಚೆಕರ್ಸ್ ಅಂದ್ರೆ ಕೆಲವರು ಡ್ರಾಫ್ಟ್ಸ್ ಅಂತ ಕರೆಯೋ ಆಟವೇ. ಮಣೆ ಚೆಸ್‌ನದೇ, 64 ಮನೆ. ಆದರೆ ಆಟ ನಡೆಯೋದು ಒಂದೇ ಬಣ್ಣದ 32 ಮನೆಗಳಲ್ಲಿ. ಒಬ್ಬೊಬ್ಬರಿಗೆ 12 ಕಾಯಿ. ಕಾಯಿ ಓರೆಯಾಗಿ ಒಂದೊಂದೇ ಮನೆ ಮುಂದಕ್ಕೆ ಹೋಗುತ್ತೆ. ಎದುರಾಳಿಯ ಕಾಯಿಯ ಆಚೆ ಮನೆ ಖಾಲಿ ಇದ್ದರೆ ಅದರ ಮೇಲೆ ಹಾರಿ ಹೊಡೀಬೇಕು. ಕೊನೇ ಸಾಲು ಮುಟ್ಟಿದ ಕಾಯಿ ರಾಜ ಆಗುತ್ತೆ, ಅದು ಹಿಂದಕ್ಕೂ ಬರಬಹುದು. ನಮ್ಮೂರಿನ ಜಗಲಿಗಳ ಮೇಲೆ ಇದ್ದಿಲಿನಲ್ಲಿ ಗೆರೆ ಎಳೆದು ಹುಲಿ-ಕುರಿ ಆಡಿ ಬೆಳೆದ ನನ್ನಂಥವರಿಗೆ ಈ ಹಾರಿ ಹೊಡೆಯೋದು ಹೊಸದೇನಲ್ಲ. ವ್ಯತ್ಯಾಸ ಇಷ್ಟೇ: ಇಲ್ಲಿ ಎರಡೂ ಕಡೆಯವರು ಹುಲಿಗಳೇ, ಮತ್ತು ಹೊಡೆಯೋ ಅವಕಾಶ ಬಂದರೆ ಬಿಡೋ ಹಾಗಿಲ್ಲ, ಹೊಡೀಲೇಬೇಕು. ಆಟದ ಆಳ ಇರೋದು ಈ ಕಡ್ಡಾಯದಲ್ಲೇ. ಒಂದು ಕಾಯಿ ಬಲಿ ಕೊಟ್ಟು ಎದುರಾಳಿಯನ್ನು ಅವನಿಗೆ ಬೇಡದ ಮನೆಗೆ ಎಳೆದು ತರಬಹುದು.

ನಿಯಮ ಕಡಿಮೆ, ಕಾಯಿ ಒಂದೇ ಥರದವು. ಹಾಗಾಗಿ ಕಂಪ್ಯೂಟರ್ ಹುಟ್ಟಿದ ಹೊಸತರಲ್ಲೇ ಪ್ರೋಗ್ರಾಂ ಬರೆಯೋರ ಕಣ್ಣು ಈ ಆಟದ ಮೇಲೆ ಬಿತ್ತು. 1952ರ ಹೊತ್ತಿಗೆ ಇಂಗ್ಲೆಂಡಿನ ಕ್ರಿಸ್ಟೋಫರ್ ಸ್ಟ್ರೇಚಿ ಬರೆದ ಪ್ರೋಗ್ರಾಂ ಮ್ಯಾಂಚೆಸ್ಟರ್‌ನ ಯಂತ್ರದಲ್ಲಿ ಒಂದು ಪೂರ್ತಿ ಆಟ ಆಡುತ್ತಿತ್ತು. ಅಮೆರಿಕದಲ್ಲಿ ಐಬಿಎಂನ ಆರ್ಥರ್ ಸ್ಯಾಮ್ಯುಯೆಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹೇಗೆ ಆಡಬೇಕು ಅಂತ ಎಲ್ಲವನ್ನೂ ತಾನೇ ಹೇಳಿಕೊಡೋ ಬದಲು ಪ್ರೋಗ್ರಾಂ ತಾನೇ ಕಲಿಯಲಿ ಅನ್ನೋದು ಅವರ ಯೋಚನೆ. ಪ್ರೋಗ್ರಾಂ ತನ್ನದೇ ಇನ್ನೊಂದು ಪ್ರತಿಯ ಜೊತೆ ಆಡುತ್ತಿತ್ತು. ರಾಜ ಎಷ್ಟಿದ್ದಾರೆ, ಮಧ್ಯದ ಮನೆಗಳು ಯಾರ ಕೈಲಿವೆ ಅನ್ನೋ ಥರದ ಲಕ್ಷಣಗಳಿಗೆ ಎಷ್ಟೆಷ್ಟು ತೂಕ ಕೊಡಬೇಕು ಅನ್ನೋದನ್ನ ಫಲಿತಾಂಶ ನೋಡಿ ತಾನೇ ತಿದ್ದಿಕೊಳ್ಳುತ್ತಿತ್ತು. 1959ರ ತಮ್ಮ ಲೇಖನದಲ್ಲಿ ಸ್ಯಾಮ್ಯುಯೆಲ್ ಹೇಳಿದ್ದು ಸರಳ: ಎಂಟು ಹತ್ತು ಗಂಟೆ ಯಂತ್ರದ ಸಮಯ ಸಿಕ್ಕರೆ, ಪ್ರೋಗ್ರಾಂ ತನ್ನನ್ನು ಬರೆದವನಿಗಿಂತ ಚೆನ್ನಾಗಿ ಆಡೋದನ್ನ ಕಲಿಯಬಹುದು. ಇವತ್ತು ಪ್ರತಿ ರೆಸ್ಯೂಮೆಯಲ್ಲೂ ಇರೋ 'ಮಷೀನ್ ಲರ್ನಿಂಗ್' ಅನ್ನೋ ಪದ ಚಾಲ್ತಿಗೆ ಬಂದದ್ದು ಆ ಲೇಖನದಿಂದ.

ತನ್ನನ್ನು ಬರೆದವನಿಗಿಂತ ಚೆನ್ನಾಗಿ, ಅಷ್ಟೇ. ಸ್ಯಾಮ್ಯುಯೆಲ್ ದೊಡ್ಡ ಆಟಗಾರರಾಗಿರಲಿಲ್ಲ. ಆದರೆ 1962ರಲ್ಲಿ ಅವರ ಪ್ರೋಗ್ರಾಂ ರಾಬರ್ಟ್ ನೀಲೀ ಅನ್ನೋ ಆಟಗಾರರ ವಿರುದ್ಧ ಒಂದು ಆಟ ಗೆದ್ದುಬಿಡ್ತು. ಒಂದೇ ಒಂದು ಆಟ. ನೀಲೀ ವಿಶ್ವ ಚಾಂಪಿಯನ್ ಆಗಿದ್ದವರಲ್ಲ. ಮರುವರ್ಷ ಅಂಚೆಯ ಮೂಲಕ ಆಡಿದ ಆರು ಆಟಗಳಲ್ಲಿ ಅವರು ಒಂದನ್ನು ಗೆದ್ದು ಐದನ್ನು ಡ್ರಾ ಮಾಡಿಕೊಂಡು ಲೆಕ್ಕ ಚುಕ್ತಾ ಮಾಡಿದರು. 1966ರಲ್ಲಿ ಅದೇ ಪ್ರೋಗ್ರಾಂ ಆಗಿನ ಅಗ್ರ ಆಟಗಾರರಾದ ವಾಲ್ಟರ್ ಹೆಲ್ಮನ್ ಮತ್ತು ಡೆರೆಕ್ ಓಲ್ಡ್‌ಬರಿ ಜೊತೆ ತಲಾ ನಾಲ್ಕು ಆಟ ಆಡಿ ಎಂಟಕ್ಕೆ ಎಂಟನ್ನೂ ಸೋತಿತು. ಆದರೆ ಸುದ್ದಿಯಾಗಿದ್ದು 1962ರ ಒಂದು ಗೆಲುವು; ಆಮೇಲಿನ ಎಂಟು ಸೋಲು ಸುದ್ದಿಯಾಗಲಿಲ್ಲ. ಚೆಕರ್ಸ್ ಕಥೆ ಮುಗೀತು, ಇನ್ನು ಚೆಸ್ ನೋಡೋಣ ಅಂತ ಸಂಶೋಧಕರು ಆ ಕಡೆ ತಿರುಗಿದರು. ಮುಗಿಯದ ಕೆಲಸ ಹೆಚ್ಚು ಕಡಿಮೆ ಇಪ್ಪತ್ತೈದು ವರ್ಷ 'ಮುಗಿದಿದೆ' ಅನ್ನೋ ಪಟ್ಟಿಯಲ್ಲೇ ಕೂತಿತ್ತು. ಜೀರಾ ಟಿಕೆಟ್‌ಗಳ ಜೊತೆ ಬದುಕೋ ನಮಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಆ ಟಿಕೆಟ್ಟನ್ನು ಮತ್ತೆ ತೆರೆದವರು ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಜೊನಾಥನ್ ಶೇಫರ್. ಸ್ವತಃ ಒಳ್ಳೆಯ ಚೆಸ್ ಆಟಗಾರ, ಚೆಸ್ ಪ್ರೋಗ್ರಾಂ ಬರೆದು ಪಳಗಿದವರು. 1989ರಲ್ಲಿ ಸಹೋದ್ಯೋಗಿಗಳ ಜೊತೆ ಚಿನೂಕ್ ಶುರು ಮಾಡಿದರು. ಗುರಿ ಸ್ಪಷ್ಟ: ವಿಶ್ವ ಚಾಂಪಿಯನ್ನರನ್ನು ಸೋಲಿಸಬೇಕು.

ಚಿನೂಕ್‌ನ ಒಳಗೆ ಮುಖ್ಯವಾಗಿ ನಾಲ್ಕು ಭಾಗ. ಒಂದು, ಹುಡುಕಾಟ: ನಾನು ಹೀಗೆ ನಡೆಸಿದರೆ ಅವನು ಹಾಗೆ, ಅವನು ಹಾಗೆ ಮಾಡಿದರೆ ನಾನು ಹೀಗೆ ಅಂತ ಹದಿನೈದು ಇಪ್ಪತ್ತು ನಡೆ ಮುಂದಕ್ಕೆ ನೋಡೋದು. ಎರಡು, ಅಷ್ಟು ದೂರ ಹೋದ ಮೇಲೆ ಕಾಣೋ ಸ್ಥಿತಿ ನನಗೆ ಒಳ್ಳೆಯದೋ ಕೆಟ್ಟದ್ದೋ ಅಂತ ಅಂಕ ಕೊಡೋದು. ಮೂರು, ಆಟದ ಆರಂಭಕ್ಕೆ ಪುಸ್ತಕಗಳಿಂದ ತುಂಬಿಕೊಂಡ ನಡೆಗಳು. ನಾಲ್ಕನೆಯದೇ ಅದರ ನಿಜವಾದ ಬಲ: ಅಂತ್ಯದ ಕೋಶ. ಇದನ್ನ ಕಟ್ಟೋದು ಹಿಂದಿನಿಂದ ಮುಂದಕ್ಕೆ. ಮಣೆಯ ಮೇಲೆ ಒಂದೇ ಕಾಯಿ ಉಳಿದಾಗ ಯಾರು ಗೆದ್ದರು ಅಂತ ಹೇಳೋದು ಸುಲಭ. ಎರಡು ಕಾಯಿ ಇರೋ ಪ್ರತಿ ಸ್ಥಿತಿಯಿಂದ ಎಲ್ಲಿಗೆಲ್ಲ ಹೋಗಬಹುದು ನೋಡಿದರೆ ಅದರ ಫಲಿತಾಂಶವೂ ಗೊತ್ತಾಗುತ್ತೆ. ಆಮೇಲೆ ಮೂರು, ನಾಲ್ಕು, ಐದು. ಎಂಟು ಕಾಯಿ ಮುಟ್ಟುವ ಹೊತ್ತಿಗೆ ಕೋಶದಲ್ಲಿ 44,400 ಕೋಟಿ ಸ್ಥಿತಿಗಳಿದ್ದವು. ಪ್ರತಿಯೊಂದರ ಮುಂದೂ ಗೆಲುವು, ಸೋಲು, ಡ್ರಾ ಇವುಗಳಲ್ಲಿ ಒಂದು. ಅಂದಾಜು ಅಲ್ಲ, ಖಚಿತ ಉತ್ತರ. ಅಂದ್ರೆ ಆಟ ಆ ಕೋಶದೊಳಗೆ ಕಾಲಿಟ್ಟಿತು ಅಂದ್ರೆ ಚಿನೂಕ್ ಆಮೇಲೆ ಯೋಚಿಸೋದೇ ಇಲ್ಲ, ನೋಡಿ ಹೇಳುತ್ತೆ.

ಈ ಯಂತ್ರ ಎದುರಿಸಬೇಕಿದ್ದವರ ಹೆಸರು ಮೇರಿಯನ್ ಟಿನ್ಸ್ಲಿ. 1927ರಲ್ಲಿ ಅಮೆರಿಕದ ಓಹಾಯೋದಲ್ಲಿ ಹುಟ್ಟಿದವರು, ಗಣಿತದಲ್ಲಿ ಡಾಕ್ಟರೇಟ್, ಫ್ಲಾರಿಡಾದಲ್ಲಿ ಗಣಿತದ ಮೇಷ್ಟ್ರು, ಜೊತೆಗೆ ಚರ್ಚಿನಲ್ಲಿ ಉಪದೇಶ ಮಾಡೋರು. 1950ರಿಂದ ಸಾಯೋವರೆಗಿನ ನಲವತ್ತೈದು ವರ್ಷಗಳಲ್ಲಿ ಅವರು ಸೋತ ಆಟಗಳು ಹತ್ತಕ್ಕಿಂತ ಕಡಿಮೆ. ಪಂದ್ಯಗಳಲ್ಲ, ಆಟಗಳು. ಇಷ್ಟು ಮೇಲೆ ಹೋದ ಮನುಷ್ಯನಿಗೆ ಒಂದು ಬೇಸರ ಇರುತ್ತೆ. ಎದುರು ಕೂತವರೆಲ್ಲ ಗೆಲ್ಲೋ ಯೋಚನೆ ಬಿಟ್ಟು ಹೇಗಾದರೂ ಡ್ರಾ ಆದರೆ ಸಾಕು ಅಂತ ಆಡುತ್ತಿದ್ದರು. ಚಿನೂಕ್‌ಗೆ ಆ ಭಯ ಇರಲಿಲ್ಲ. ಅದು ಟಿನ್ಸ್ಲಿ ಅಂತ ನೋಡದೆ ಮೈಮೇಲೆ ಬೀಳುತ್ತಿತ್ತು. ಟಿನ್ಸ್ಲಿ ಅವರಿಗೆ ಅದೇ ಇಷ್ಟವಾಗಿದ್ದು.

1990ರಲ್ಲಿ ಅಮೆರಿಕದ ರಾಷ್ಟ್ರೀಯ ಟೂರ್ನಿಯಲ್ಲಿ ಚಿನೂಕ್ ಟಿನ್ಸ್ಲಿ ಅವರ ನಂತರ ಎರಡನೇ ಸ್ಥಾನ ಪಡೀತು. ನಿಯಮದ ಪ್ರಕಾರ ಆ ಸ್ಥಾನ ಬಂದವರಿಗೆ ವಿಶ್ವ ಪಟ್ಟಕ್ಕೆ ಸವಾಲು ಹಾಕೋ ಹಕ್ಕು. ಆದರೆ ಅಮೆರಿಕ ಮತ್ತು ಇಂಗ್ಲೆಂಡಿನ ಚೆಕರ್ಸ್ ಸಂಸ್ಥೆಗಳು ಒಪ್ಪಲಿಲ್ಲ. ಮನುಷ್ಯರ ಪಟ್ಟಕ್ಕೆ ಯಂತ್ರ ಕೈ ಹಾಕೋದು ಹೇಗೆ ಅಂದವು. ಇಂಥ ಹೊತ್ತಲ್ಲಿ ಬೇರೆ ಯಾವ ಚಾಂಪಿಯನ್ ಆದರೂ ಸಂಸ್ಥೆಯ ಹಿಂದೆ ನಿಂತು ಆರಾಮಾಗಿ ಇರಬಹುದಿತ್ತು. ಟಿನ್ಸ್ಲಿ ಮಾಡಿದ್ದು ನೋಡಿ: ಪಟ್ಟಕ್ಕೇ ರಾಜೀನಾಮೆ ಕೊಟ್ಟರು, ಈಗ ಚಿನೂಕ್ ಜೊತೆ ಆಡಬಹುದಲ್ಲ ಅಂದರು. ಸಂಸ್ಥೆಗಳಿಗೆ ಬೇರೆ ದಾರಿ ಉಳಿಯಲಿಲ್ಲ. 'ಮನುಷ್ಯ-ಯಂತ್ರ ವಿಶ್ವ ಚಾಂಪಿಯನ್‌ಷಿಪ್' ಅಂತ ಹೊಸ ಪಟ್ಟವನ್ನೇ ಹುಟ್ಟುಹಾಕಿದರು. ಯಂತ್ರಕ್ಕೆ ಬಾಗಿಲು ತೆಗೆದದ್ದು ಒಬ್ಬ ಚಾಂಪಿಯನ್ ಅನ್ನೋದನ್ನ ಮನುಷ್ಯ ವರ್ಸಸ್ ಯಂತ್ರದ ಕಥೆ ಹೇಳೋರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಅದೇ ವರ್ಷ ಇಬ್ಬರ ನಡುವೆ 14 ಆಟಗಳ ಪ್ರದರ್ಶನ ಪಂದ್ಯ ನಡೀತು. 13 ಡ್ರಾ, ಒಂದು ಟಿನ್ಸ್ಲಿ ಗೆಲುವು. ಆ ಒಂದು ಆಟದ ಬಗ್ಗೆ ಶೇಫರ್ ಬರೆದಿದ್ದಾರೆ. ಹತ್ತನೇ ನಡೆಗೆ ಚಿನೂಕ್ ಹೇಳಿದ ಕಾಯಿಯನ್ನು ಶೇಫರ್ ಮಣೆಯ ಮೇಲೆ ಸರಿಸಿದ ತಕ್ಷಣ ಟಿನ್ಸ್ಲಿ, ಇದಕ್ಕೆ ನೀವು ಪಶ್ಚಾತ್ತಾಪ ಪಡ್ತೀರಿ ಅನ್ನೋ ಅರ್ಥದ ಮಾತು ಹೇಳಿದರಂತೆ. ಚಿನೂಕ್‌ನ ಅಂಕದ ಪ್ರಕಾರ ಆಗ ಎಲ್ಲ ಸರಿಯಾಗೇ ಇತ್ತು. ಇಪ್ಪತ್ತಾರು ನಡೆ ಕಳೆದ ಮೇಲೆ ಚಿನೂಕ್ ಸೋಲೊಪ್ಪಿಕೊಳ್ತು. ಶೇಫರ್ ಆಮೇಲೆ ಕೂತು ಬಿಡಿಸಿ ನೋಡಿದಾಗ, ಗೆಲುವು ಖಾತ್ರಿ ಅಂತ ತಿಳಿಯೋಕೆ ಅಲ್ಲಿಂದ 64 ನಡೆ ಮುಂದೆ ನೋಡಬೇಕಿತ್ತು. ಟಿನ್ಸ್ಲಿ ಆ 64 ನಡೆಗಳನ್ನ ಒಂದೊಂದಾಗಿ ಎಣಿಸಿದ್ದರು ಅಂತ ನನಗನ್ನಿಸಲ್ಲ. ಜೀವಮಾನವಿಡೀ ಅದೇ ಮಣೆ ನೋಡಿದ ಕಣ್ಣಿಗೆ ಆ ಸ್ಥಿತಿ ಎಲ್ಲಿಗೆ ಹೋಗಿ ನಿಲ್ಲುತ್ತೆ ಅನ್ನೋದು ಗೊತ್ತಿತ್ತು. ನಮ್ಮ ಕಡೆ ಹಿರಿಯರು ಮೋಡ ನೋಡಿ ಇವತ್ತು ಮಳೆ ಬರಲ್ಲ ಬಿಡು ಅಂತಿದ್ದರಲ್ಲ, ಆ ಥರದ ಗೊತ್ತು.

1992ರ ಆಗಸ್ಟ್‌ನಲ್ಲಿ ಲಂಡನ್ನಿನಲ್ಲಿ ಹೊಸ ಪಟ್ಟಕ್ಕೆ ಮೊದಲ ಪಂದ್ಯ, 40 ಆಟಗಳದ್ದು. ಟಿನ್ಸ್ಲಿಗೆ ಆಗ 65 ವರ್ಷ. ಎಂಟನೇ ಆಟವನ್ನು ಚಿನೂಕ್ ಗೆದ್ದಿತು, ಹದಿನಾಲ್ಕನೆಯದನ್ನೂ ಗೆದ್ದಿತು. ಆಗ ಅಂಕ 2-1, ಮುಂದಿದ್ದದ್ದು ಯಂತ್ರ. ಹದಿನೆಂಟನೇ ಆಟದಲ್ಲಿ ಚಿನೂಕ್ ಹ್ಯಾಂಗ್ ಆಯ್ತು. ಉತ್ತರವೇ ಇಲ್ಲ. ಗಡಿಯಾರ ಓಡ್ತಾ ಇದೆ. ಆಟ ಬಿಟ್ಟುಕೊಡಬೇಕಾಯ್ತು. ಡೆಮೋ ನಡುವೆ ಸರ್ವರ್ ಮಲಗಿದ ಅನುಭವ ಇರೋ ಯಾರಿಗಾದರೂ ಶೇಫರ್ ಹೊಟ್ಟೆಯಲ್ಲಿ ಆಗ ಏನಾಗಿರಬಹುದು ಅಂತ ಗೊತ್ತು. ಆಮೇಲೆ ಟಿನ್ಸ್ಲಿ ಮತ್ತೆರಡು ಆಟ ಗೆದ್ದರು. ಕೊನೆಗೆ ನಾಲ್ಕು ಗೆಲುವು ಟಿನ್ಸ್ಲಿಗೆ, ಎರಡು ಚಿನೂಕ್‌ಗೆ, 33 ಡ್ರಾ. ತನ್ನ ಪ್ರೋಗ್ರಾಮರ್ ಚಿನೂಕ್‌ನ ಪ್ರೋಗ್ರಾಮರ್‌ಗಿಂತ ಮೇಲು ಅಂತ ಟಿನ್ಸ್ಲಿ ಹೇಳುತ್ತಿದ್ದರು. ಚಿನೂಕ್‌ಗೆ ಜೊನಾಥನ್, ತನಗೆ ದೇವರು.

ಎರಡು ವರ್ಷಗಳ ನಂತರ ಬಾಸ್ಟನ್ನಿನ ಕಂಪ್ಯೂಟರ್ ಮ್ಯೂಸಿಯಂನಲ್ಲಿ ಮರುಪಂದ್ಯ. ಈ ಸಲದ ಚಿನೂಕ್ ಬೇರೆಯದೇ ಆಗಿತ್ತು: ಯಂತ್ರ ವೇಗದ್ದು, ಅಂತ್ಯದ ಕೋಶ ದೊಡ್ಡದು. ಆರು ಆಟ ನಡೀತು, ಆರೂ ಡ್ರಾ. ಆಮೇಲೆ ಟಿನ್ಸ್ಲಿ, ನನಗೆ ಆರೋಗ್ಯ ಸರಿಯಿಲ್ಲ ಅಂತ ಪಂದ್ಯದಿಂದ ಹಿಂದೆ ಸರಿದರು. ಅವರ ಹೊಟ್ಟೆನೋವಿನ ಕಾರಣ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಅಂತ ಆಮೇಲೆ ಗೊತ್ತಾಯ್ತು. ಪಟ್ಟ ಚಿನೂಕ್‌ಗೆ ಹೋಯ್ತು. ಟಿನ್ಸ್ಲಿ ಜಾಗದಲ್ಲಿ ಆಡಲು ಬಂದ ಡಾನ್ ಲ್ಯಾಫರ್ಟಿ 20 ಆಟಗಳಲ್ಲಿ ಸಮ ಮಾಡಿಕೊಂಡರು. ಒಂದು ಗೆಲುವು, ಒಂದು ಸೋಲು, 18 ಡ್ರಾ. 1995ರ ಆರಂಭದಲ್ಲಿ ಅದೇ ಲ್ಯಾಫರ್ಟಿ ವಿರುದ್ಧ 32 ಆಟಗಳಲ್ಲಿ ಒಂದನ್ನು ಗೆದ್ದು, ಉಳಿದ 31ನ್ನೂ ಡ್ರಾ ಮಾಡಿ ಚಿನೂಕ್ ಪಟ್ಟ ಉಳಿಸಿಕೊಂಡಿತು. 1995ರ ಏಪ್ರಿಲ್ 3ರಂದು ಟಿನ್ಸ್ಲಿ ತೀರಿಕೊಂಡರು.

ಈಗ ಶೇಫರ್ ಸ್ಥಿತಿ ಯೋಚನೆ ಮಾಡಿ. ಕೈಯಲ್ಲಿ ವಿಶ್ವ ಪಟ್ಟ ಇದೆ, ದಾಖಲೆಯಲ್ಲಿ ಹೆಸರಿದೆ. ಆದರೆ ಪಂದ್ಯದಲ್ಲಿ ಟಿನ್ಸ್ಲಿಯನ್ನು ಚಿನೂಕ್ ಒಮ್ಮೆಯೂ ಸೋಲಿಸಿಲ್ಲ. ಟಿನ್ಸ್ಲಿ ಚೆನ್ನಾಗಿದ್ದಿದ್ದರೆ ಏನಾಗುತ್ತಿತ್ತು ಅಂತ ಆಟದ ಅಭಿಮಾನಿಗಳು ಕೇಳಿಯೇ ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಕೊಡಬಹುದಾಗಿದ್ದ ಒಬ್ಬನೇ ಮನುಷ್ಯ ಈಗಿಲ್ಲ. ಇನ್ನು ಉಳಿದ ಯಾರನ್ನು ಎಷ್ಟು ಸಲ ಸೋಲಿಸಿದರೂ ಅದು ಉತ್ತರ ಆಗಲ್ಲ.

ಹಾಗಾಗಿ ಶೇಫರ್ ಪ್ರಶ್ನೆಯನ್ನೇ ಬದಲಾಯಿಸಿದರು. ಯಾರು ಮೇಲು ಅನ್ನೋದನ್ನ ಬಿಟ್ಟು, ಈ ಆಟದ ಸತ್ಯ ಏನು ಅಂತ ಕೇಳಿದರು. ಎರಡೂ ಕಡೆಯವರು ಒಂದೂ ತಪ್ಪು ಮಾಡದೆ ಆಡಿದರೆ ಮೊದಲ ನಡೆಯವರು ಗೆಲ್ಲುತ್ತಾರಾ, ಎರಡನೆಯವರಾ, ಡ್ರಾನಾ? ಚೆಕರ್ಸ್‌ನಲ್ಲಿ ಬರಬಹುದಾದ ಸ್ಥಿತಿಗಳು ಸುಮಾರು 50 ಲಕ್ಷ ಕೋಟಿ ಕೋಟಿ. ಐದರ ಮುಂದೆ ಇಪ್ಪತ್ತು ಸೊನ್ನೆ. ಎಲ್ಲವನ್ನೂ ಒಂದೊಂದಾಗಿ ನೋಡೋದು ಆಗದ ಮಾತು. ನೋಡಬೇಕಾಗಿಯೂ ಇಲ್ಲ. ಒಂದು ಕಡೆಯವರಿಗೆ ಡ್ರಾ ಖಾತ್ರಿ ಅಂತ ತೋರಿಸೋಕೆ ಅವರ ಪ್ರತಿ ಸರದಿಗೂ ಒಂದು ಒಳ್ಳೇ ನಡೆ ಸಿಕ್ಕರೆ ಸಾಕು. ಎದುರಾಳಿಯ ನಡೆಗಳನ್ನು ಮಾತ್ರ ಎಲ್ಲವನ್ನೂ ಪರೀಕ್ಷಿಸಬೇಕು. ಹಿಂದಿನಿಂದ ಅಂತ್ಯದ ಕೋಶ ಬೆಳೀತಾ ಬರುತ್ತೆ, ಮುಂದಿನಿಂದ ಹುಡುಕಾಟ ಇಳೀತಾ ಬರುತ್ತೆ. ಸುರಂಗವನ್ನು ಎರಡೂ ಕಡೆಯಿಂದ ಕೊರೆದ ಹಾಗೆ, ಎರಡೂ ನಡುವೆ ಸೇರಿದ ದಿನ ಕೆಲಸ ಮುಗಿದಂತೆ.

1997ರಲ್ಲಿ ಆಗಿನ ಯಂತ್ರಗಳಿಂದ ಮುಂದೆ ಹೋಗೋಕಾಗದೆ ಲೆಕ್ಕ ನಿಂತಿತು. 2001ರಲ್ಲಿ ಮತ್ತೆ ಶುರುವಾಯ್ತು. ಕೋಶ ಹತ್ತು ಕಾಯಿಗಳಿಗೆ ಬೆಳೀತು, 39 ಲಕ್ಷ ಕೋಟಿ ಸ್ಥಿತಿಗಳು. ಒಂದು ಹಂತದಲ್ಲಿ 200ರಷ್ಟು ಕಂಪ್ಯೂಟರ್‌ಗಳು ಒಟ್ಟಿಗೆ ದುಡಿಯುತ್ತಿದ್ದವು. 2007ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಫಲಿತಾಂಶ ಬಂತು. ಶುರುವಾದ ದಿನದಿಂದ ಹದಿನೆಂಟು ವರ್ಷ, ಹೆಚ್ಚು ಕಡಿಮೆ ಒಂದು ಕೋಟಿ ಕೋಟಿ ಲೆಕ್ಕ ಆದ ಮೇಲೆ ಸಿಕ್ಕ ಉತ್ತರ ಒಂದೇ ಪದ: ಡ್ರಾ. ಇಬ್ಬರೂ ತಪ್ಪಿಲ್ಲದೆ ಆಡಿದರೆ ಯಾರೂ ಗೆಲ್ಲಲ್ಲ. ಈಗಿನ ಚಿನೂಕ್ ಎದುರು ಯಾರೇ ಕೂತರೂ, ಟಿನ್ಸ್ಲಿ ಮತ್ತೆ ಹುಟ್ಟಿ ಬಂದರೂ, ಸಿಗಬಹುದಾದ ಅತಿ ದೊಡ್ಡ ಫಲ ಡ್ರಾ.

ಇದು ಶೇಫರ್ ಮೊದಲು ಕೇಳಿದ ಪ್ರಶ್ನೆಗೆ ಉತ್ತರ ಹೌದಾ? ಅಲ್ಲ ಅನ್ನೋದು ನನ್ನ ಅಭಿಪ್ರಾಯ. ಚಿನೂಕ್ ಸೋಲಲ್ಲ ಅನ್ನೋದು ಸಾಬೀತಾಯ್ತು. ಬಾಸ್ಟನ್ನಿನಲ್ಲಿ ಟಿನ್ಸ್ಲಿಯನ್ನು ಸೋಲಿಸುತ್ತಿತ್ತು ಅನ್ನೋದು ಸಾಬೀತಾಗಲಿಲ್ಲ. ತಪ್ಪೇ ಮಾಡದ ಯಂತ್ರ ಗೆಲ್ಲಬೇಕಾದರೂ ಎದುರು ಕೂತವರು ತಪ್ಪು ಮಾಡಲೇಬೇಕು, ಮತ್ತು ಟಿನ್ಸ್ಲಿ ತಪ್ಪು ಮಾಡೋದು ಬಹಳ ಅಪರೂಪ. ಆ ಆರು ಆಟಗಳ ಫಲಿತಾಂಶವೂ ಗಣಿತ ಆಮೇಲೆ ಕೊಟ್ಟ ಉತ್ತರವೂ ಒಂದೇ.

ಈ ಹಳೇ ಕಥೆ ಈಗ ಯಾಕೆ ಅಂತೀರಾ? ವಾರಕ್ಕೊಂದು ಸಲ ಯಾರಾದರೂ ಲಿಂಕ್ ಕಳಿಸ್ತಾರೆ: ಎಐ ಡಾಕ್ಟರನ್ನು ಸೋಲಿಸಿತು, ವಕೀಲನನ್ನು ಸೋಲಿಸಿತು, ನಮ್ಮ ನಿಮ್ಮಂಥ ಕೋಡ್ ಬರೆಯೋರನ್ನು ಸೋಲಿಸಿತು. ಸ್ಟ್ಯಾಂಡ್-ಅಪ್ ಮೀಟಿಂಗಿನಲ್ಲಿ ಒಂದು ನಿಮಿಷ ಎಲ್ಲರೂ ಸುಮ್ಮನಾಗ್ತಾರೆ. ಇಎಂಐ ಕಟ್ಟೋರಿಗೆ ಇದು ತಮಾಷೆ ಅಲ್ಲ. ಆದರೆ ಚೆಕರ್ಸ್‌ನ ಅರವತ್ತು ವರ್ಷ ನೋಡಿದರೆ 'ಸೋಲಿಸಿತು' ಅನ್ನೋ ಒಂದೇ ಪದದೊಳಗೆ ಮೂರು ಬೇರೆ ಬೇರೆ ಮಾತು ಅಡಗಿವೆ. ಒಬ್ಬನ ವಿರುದ್ಧ ಒಂದು ಸಲ ಗೆಲ್ಲೋದು ಒಂದು; 1962ರಲ್ಲಿ ಆಗಿದ್ದು ಇದು. ಎಲ್ಲರಿಗಿಂತ ಚೆನ್ನಾಗಿ ಆಡೋದು ಇನ್ನೊಂದು. ತೊಂಬತ್ತರ ದಶಕದ ನಡುವೆ ಚಿನೂಕ್ ಬಂದು ನಿಂತದ್ದು ಇಲ್ಲಿಗೆ. ಸಮಸ್ಯೆಯ ಉತ್ತರವನ್ನೇ ಕಂಡುಹಿಡಿಯೋದು ಮೂರನೆಯದು, ಅದು 2007. ಮೊದಲನೆಯದನ್ನ ಮೂರನೆಯದು ಅಂತ ತಿಳಿದಿದ್ದಕ್ಕೇ ಒಂದು ಇಡೀ ಕ್ಷೇತ್ರ ಇಪ್ಪತ್ತೈದು ವರ್ಷ ತೂಕಡಿಸಿತು.

ಎರಡನೆಯದಕ್ಕೂ ಮೂರನೆಯದಕ್ಕೂ ಇರೋ ದೂರ ಇವತ್ತಿಗೂ ದೊಡ್ಡದು. 2016ರಲ್ಲಿ ಆಲ್ಫಾಗೋ ಸೋಲ್‌ನಲ್ಲಿ ಲೀ ಸೆಡೋಲ್ ಅವರನ್ನು 4-1ರಿಂದ ಸೋಲಿಸಿತು. ಆದರೂ ದೊಡ್ಡ ಮಣೆಯ ಗೋ ಆಟದ ಪೂರ್ತಿ ಉತ್ತರ ಯಾರ ಬಳಿಯೂ ಇಲ್ಲ. ನಿಮ್ಮ ಜೇಬಿನಲ್ಲಿರೋ ಫೋನ್ ಚೆಸ್‌ನಲ್ಲಿ ಯಾವ ಗ್ರ್ಯಾಂಡ್‌ಮಾಸ್ಟರನ್ನಾದರೂ ಸೋಲಿಸಬಹುದು, ಆದರೆ ತಪ್ಪಿಲ್ಲದ ಚೆಸ್ ಆಟ ಹೇಗೆ ಮುಗಿಯುತ್ತೆ ಅಂತ ಅದಕ್ಕೂ ಗೊತ್ತಿಲ್ಲ. ನಮ್ಮ ಹುಲಿ-ಕುರಿಯ ನೇಪಾಳಿ ಬಂಧು ಬಾಗ್‌ಚಾಲ್ ಮಾತ್ರ ಬಿಡಿಸಿ ಆಗಿದೆ. ನಾಲ್ಕು ಹುಲಿ, ಇಪ್ಪತ್ತು ಆಡಿನ ಆ ಆಟವೂ ಡ್ರಾ ಅಂತ ಲಿಮ್ ಯು ಜಿನ್ ಮತ್ತು ಯೂರ್ಗ್ ನೀವರ್ಗೆಲ್ಟ್ ತೋರಿಸಿದ್ದಾರೆ. ನಮ್ಮ ಜಗಲಿಯ ಮಣೆಯ ಗೆರೆಗಳು ಬೇರೆ, ಆ ಲೆಕ್ಕ ಅದಕ್ಕೆ ನಡೆಯಲ್ಲ.

ಇನ್ನೊಂದು ವಿಷಯ ಹೇಳಿ ಮುಗಿಸ್ತೀನಿ. ಚಿನೂಕ್ ತಾನೇ ಕಲಿತ ಪ್ರೋಗ್ರಾಂ ಅಲ್ಲ. ಅದರ ತೂಕಗಳನ್ನು ಮನುಷ್ಯರು ವರ್ಷಗಟ್ಟಲೆ ಕೂತು ಕೈಯಾರೆ ತಿದ್ದಿದ್ದರು. 2001ರಲ್ಲಿ ಶೇಫರ್ ತಂಡವೇ ಸ್ಯಾಮ್ಯುಯೆಲ್ ಅವರ ಹಳೇ ದಾರಿ ಹಿಡಿದು, ತೂಕಗಳನ್ನು ಪ್ರೋಗ್ರಾಂ ತಾನೇ ಕಲಿಯೋ ಹಾಗೆ ಬಿಟ್ಟು ನೋಡಿತು. ಆಡ್ತಾ ಆಡ್ತಾ ಕಲಿತ ತೂಕಗಳು ವರ್ಷಗಳ ಕೈಕೆಲಸಕ್ಕೆ ಸಮನಾಗಿ ನಿಂತವು. ಅದನ್ನು ಶೇಫರ್ ಮುಚ್ಚಿಡಲಿಲ್ಲ, ಲೇಖನ ಬರೆದು ಪ್ರಕಟಿಸಿದರು. ತಾನು ವರ್ಷಗಟ್ಟಲೆ ಬೆವರು ಸುರಿಸಿದ ಕೆಲಸವನ್ನು ಯಂತ್ರ ತಾನೇ ಮಾಡಿಕೊಳ್ಳುತ್ತೆ ಅಂತ ತಾನೇ ಹೊರಟು ಪರೀಕ್ಷಿಸಿ ಹೇಳೋದು, ಪಟ್ಟ ಬಿಟ್ಟುಕೊಟ್ಟು ಯಂತ್ರದೆದುರು ಆಡೋಕೆ ಕೂತ ಟಿನ್ಸ್ಲಿ ಮಾಡಿದ ಕೆಲಸದ ಜಾತಿಗೇ ಸೇರಿದ್ದು. ಮುಂದಿನ ಸಲ ಅಂಥ ಲಿಂಕ್ ಬಂದಾಗ ಹೆದರೋಕೂ ನಗೋಕೂ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಯಾರನ್ನು, ಎಷ್ಟು ಸಲ, ಯಾವ ನಿಯಮದ ಮೇಲೆ ಸೋಲಿಸಿತು?